ತೂತಾತಾ?

ಆನವಟ್ಟಿಯ ಸಂತೆ ಬೀದಿಯಲ್ಲಿ ನನ್ನ ಹೊಲಿಗೆ ಅಂಗಡಿಗೆ ಎದುರಾಗಿ ಜಟ್ಟಪ್ಪನ ಕುಲುಮೆ. ಅವನ ಸುತ್ತಿಗೆಯ ಸದ್ದಿನಲ್ಲಿ ಗಿರಾಕಿ ಹೇಳಿದ್ದು ಕೇಳದೆ ನಾನು ಎಷ್ಟೋ ಅಂಗಿಗಳ ತೋಳು ಗಿಡ್ಡ ಮಾಡಿದ್ದೇನೆ. ಆದರೆ ಆ ಸದ್ದಿನ ನಡುವೆಯೂ ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಾ ಕೂತ ಅವನ ಹೆಂಡತಿ ಶೇಷಮ್ಮ ಕೇಳುವ ಮಾತು: "ತೂತಾತಾ?"

ಚೂರಿಯ ಬಾಲ ಮರದ ಹಿಡಿಯೊಳಗೆ ಕೂರುತ್ತದೆ. ಅದು ಅಲ್ಲಾಡದಂತೆ ಮೊಳೆ ಹೊಡೆಯಲು ಬಾಲಕ್ಕೆ ಎರಡು ತೂತು ಬೇಕು. ಉಕ್ಕು ಮೆತ್ತಗಿರುವಾಗಲೇ ಕೊರೆದುಬಿಡಬೇಕು. ಒಮ್ಮೆ ಕೆಂಪಗೆ ಕಾಸಿ ನೀರಿಗಿಟ್ಟರೆ ಉಕ್ಕು ಗಡಸಾಗಿ, ಕೊರೆಯುವ ಬೈರಿಗೆ ಅದರ ಮೇಲೆ ಜಾರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಜಟ್ಟಪ್ಪನೋ ಮರೆಗುಳಿ. ಇಕ್ಕಳದಲ್ಲಿ ಹಿಡಿದ ಕೆಂಪು ಚೂರಿ ಕಲ್ಲುಬಾನಿಯ ನೀರಿನ ಮೇಲೆ ಬಂದಾಗಲೆಲ್ಲ ಅವಳು ಕೇಳುವಳು. "ಆತು ಮಾರಾಯ್ತಿ, ನಿಂದೊಂದು" ಎಂದು ಇವನು ರೇಗುವನು. ಕೆಲವು ಸಲ ಮಾತ್ರ ಬಗ್ಗಿ ನೋಡಿ, ಚೂರಿ ಮೆತ್ತಗೇ ಉಳಿಯಲೆಂದು ಬೂದಿಯಲ್ಲಿ ಆರಲು ಹಾಕುವನು. ಆಗ ಶೇಷಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು.

ಐವತ್ತೆಂಟನೇ ಇಸವಿಯ ಶ್ರಾವಣದಲ್ಲಿ ಜ್ವರ ಬಂದು ಶೇಷಮ್ಮ ಹೋಗಿಬಿಟ್ಟಳು. ಜಟ್ಟಪ್ಪ ಅಳಲಿಲ್ಲ. "ಕಬ್ಬಿಣ ಬಡಿದು ಬಡಿದು ಎದೀನೂ ಕಬ್ಬಿಣ ಆಗೇತಿ" ಎಂದರು ಊರವರು. ಊರವರಿಗೇನು, ಎಲುಬಿಲ್ಲದ ನಾಲಿಗೆ. ಉಳವಿಯಿಂದ ಬಂದ ಶೇಷಮ್ಮನ ತಮ್ಮ ಬಂಗಾರಪ್ಪ, "ಬಾವ, ಕುಲುಮೆ ಮುಚ್ಚಿ ನಮ್ಮನಿಗೆ ಬಂದ್ಬಿಡ್ರಿ" ಎಂದ.

"ಅಕಿ ಕೂತಿದ್ದ ಜಾಗ ಬಿಟ್ಟು ಎಲ್ಲಿಗ್ ಬರ್ಲೋ? ಒಬ್ನೇ ಮಾಡ್ತೀನಿ" ಎಂದ ಜಟ್ಟಪ್ಪ.

ಆಮೇಲೆ ಬಂದ ಮೊದಲ ಗಿರಾಕಿ ತಾಳಗುಂದದ ಸಣ್ಣಬೀರಪ್ಪ. ಕುರಿಗಳ ಗೊರಸು ಕೆತ್ತಲು ಅವನಿಗೊಂದು ಚೂರಿ ಬೇಕಿತ್ತು. ಜಟ್ಟಪ್ಪ ತಿದಿಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ತಾನೇ ಊದಿದ, ತಾನೇ ಬಡಿದ, ಕಾಸಿದ, ನೀರಿಗಿಟ್ಟ. ಚುಂಯ್ ಎಂದಿತು. ಹಿಡಿ ಕೂರಿಸಲು ಹೋದರೆ ಬಾಲದಲ್ಲಿ ತೂತೇ ಇಲ್ಲ.

ಬೈರಿಗೆ ಒತ್ತಿದ. ಕಿರ್ರೆಂದು ಜಾರಿತು. ಮತ್ತೆ ಒತ್ತಿದ, ಬೈರಿಗೆಯ ಮೊನೆಯೇ ಮುರಿಯಿತು. ನನಗೆ ನಗು ಬಂದು, "ಏನೋ ಜಟ್ಟಪ್ಪ, ಅಟ್ಟ ಮೇಲೆ ಒಲೆ ಉರೀತಾ?" ಎನ್ನುತ್ತಾ ಬೀದಿ ದಾಟಿದೆ. ನೋಡಿದರೆ, ಹೆಂಡತಿಯ ಹೆಣದ ಮುಂದೆ ಅಳದವನು ಚೂರಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಕೇಳ್ಲಿಲ್ಲಲ್ಲೋ ಮಹೇಶ್ವರಪ್ಪ. ಅಕಿ ಕೇಳ್ಲೇ ಇಲ್ಲ."

ನಾನು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತೆ.

ಉಪಾಯ ಅವನಿಗೇ ಗೊತ್ತಿತ್ತು. ಅಲಗಿಗೆ ಒದ್ದೆ ಗೋಣಿ ಸುತ್ತಿ, ಬಾಲವನ್ನಷ್ಟೇ ಕಾಸಿ, ಬೂದಿಯಲ್ಲಿ ನಿಧಾನವಾಗಿ ಆರಿಸಬೇಕು. ಗೋಣಿ ಒಣಗದಂತೆ ನಾನು ನೀರು ಹನಿಸಿದೆ. ಬಾಲ ಮೆತ್ತಗಾಗಿ ಹೊಸ ಬೈರಿಗೆ ಇಳಿಯಿತು, ಸಣ್ಣಬೀರಪ್ಪ ಚೂರಿ ಒಯ್ದ. ಇನ್ನು ಕುಲುಮೆ ಹೇಗೋ ನಡೆದೀತು ಎಂದುಕೊಂಡೆ.

ಮುಂದಿನ ಸಂತೆಗೆ ಇನ್ನೊಂದು ಚೂರಿ. ಈ ಸಲ ಜಟ್ಟಪ್ಪ ಮೊದಲೇ ತೂತು ಕೊರೆದು, ನನ್ನನ್ನು ಕರೆದು ತೋರಿಸಿದ. ಆಮೇಲೆ ಕೆಂಪಗೆ ಕಾಸಿ ನೀರಿನ ಮೇಲೆ ಹಿಡಿದ. ಹಿಡಿದೇ ನಿಂತ. ಕಣ್ಣು ತಿದಿಯ ಪಕ್ಕ ಶೇಷಮ್ಮ ಕೂರುತ್ತಿದ್ದ ಮಣೆಯ ಮೇಲೆ. ನಾನೇ ಕೇಳಿಬಿಡೋಣವೆಂದು ಬಾಯಿ ತೆರೆದೆ. ಆದರೆ ಅದು ನಾನು ಕೇಳುವ ಮಾತಲ್ಲ. ಇಕ್ಕಳದಲ್ಲಿದ್ದ ಉಕ್ಕು ನೀರು ಕಾಣದೆಯೇ ಕಪ್ಪಾಯಿತು.

"ಆತು ಮಾರಾಯ್ತಿ" ಎಂದ ಜಟ್ಟಪ್ಪ, ಆ ಖಾಲಿ ಮಣೆಗೆ. ರೇಗಲಿಲ್ಲ.

ಚೂರಿಯನ್ನು ಕೆಳಗಿಟ್ಟು ಕಾಲಿನ ಹಗ್ಗ ಬಿಚ್ಚಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

"ಉಳವಿ ಬಸ್ಸು ಎಷ್ಟೊತ್ತಿಗೈತಿ?"