ಗಂಟು ಬಿಚ್ಚುವ ಕೆಲಸ

ನಮ್ಮೂರಿನಲ್ಲಿ ಹೆರಿಗೆಯ ಹೊತ್ತಿಗೆ ಗಂಡಸರಿಗೆ ಇದ್ದದ್ದು ಒಂದೇ ಕೆಲಸ. ಬ್ಯಾನಿ ಬಂದು ಎಷ್ಟು ಹೊತ್ತಾದರೂ ಕೂಸು ಹೊರಗೆ ಬಾರದಿದ್ದರೆ ಸೂಲಗಿತ್ತಿ ಒಳಗಿನಿಂದ ಕೂಗುತ್ತಿದ್ದಳು: "ಗಂಟು ಬಿಚ್ರೀ." ಆಗ ಮನೆಯ ಗಂಡಸರು ಎದ್ದು ಕಟ್ಟಿದ್ದು, ಬಿಗಿದದ್ದು, ಕೀಲಿ ಹಾಕಿದ್ದು ಎಲ್ಲವನ್ನೂ ಬಿಚ್ಚಿಬಿಡಬೇಕು. ಹೊರಗೆ ಗಂಟು ಉಳಿದರೆ ಒಳಗೆ ಕೂಸೂ ಗಂಟು ಬಿದ್ದುಕೊಂಡಿರುತ್ತದೆ ಎಂಬ ನಂಬಿಕೆ. ಉಳಿದಂತೆ ನಾವು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಏನೂ ಕೇಳಿಸದವರಂತೆ ಹತ್ತಿ ಜೋಳದ ಮಾತಾಡಬೇಕು. ಒಳಗಿನ ನರಳಾಟಕ್ಕೆ ಕಿವಿಗೊಟ್ಟವನನ್ನು ಹೆಣ್ಣಿಗ ಎಂದು ಆಡಿಕೊಳ್ಳುತ್ತಿದ್ದರು. ನಾನಂತೂ ಹಾಗೆ ಅನ್ನಿಸಿಕೊಳ್ಳುವ ಪೈಕಿ ಆಗಿರಲಿಲ್ಲ.

ನಿಜಾಮರ ಕಾಲದ ಮಾತು ಇದು. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಮಗ್ಗುಲಿಗೆ, ಎಲ್ಲಾ ಸೇರಿ ಹತ್ತು ಬಂಡಿಗಳಿದ್ದ ಊರು ನಮ್ಮದು. ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಹೆರಿಗೆ ತವರಿನಲ್ಲಾಗುವುದು ರೂಢಿ. ಆದರೆ ಮುದಗಲ್ಲಿನ ಕಡೆಯ ತವರಿನಲ್ಲಿ ನನ್ನ ಹೆಂಡತಿಯ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಬಾಣಂತನ ಮಾಡುವವರು ಇಲ್ಲವೆಂದು ಅವಳನ್ನು ನಮ್ಮಲ್ಲೇ ಇಟ್ಟುಕೊಂಡಿದ್ದೆವು.

ಬ್ಯಾನಿ ಶುರುವಾದದ್ದು ಹಿಂದಿನ ದಿನ ಸಂಜೆ. ಮರುದಿನ ಹೊತ್ತು ಏರುವ ಹೊತ್ತಿಗೂ ಏನೂ ಆಗಲಿಲ್ಲ. ಕೊನೆಗೆ ಒಳಗಿನಿಂದ ಕೂಗು ಬಂತು. ಅಪ್ಪ, ನಾನು ಇಬ್ಬರೂ ಎದ್ದೆವು. ಕೈಗೆ ಕೆಲಸ ಸಿಕ್ಕಿತಲ್ಲ ಎಂದು ನನಗೆ ಖುಷಿಯೇ ಆಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಜೋಳದ ಚೀಲಗಳ ಬಾಯಿ ಬಿಚ್ಚಿದೆ. ಸಂದೂಕದ ಕೀಲಿ ತೆಗೆದೆ. ನನ್ನ ಉಡದಾರವನ್ನೂ ಬಿಚ್ಚಿ ಗೂಟಕ್ಕೆ ಹಾಕಿದೆ. ಅಪ್ಪ ಬಂಡಿಯ ನೊಗಕ್ಕೆ ಕಟ್ಟಿದ್ದ ಹಗ್ಗಗಳನ್ನೆಲ್ಲ ಒಂದೊಂದಾಗಿ ಕಳಚಿ ಅಂಗಳದಲ್ಲಿ ಒಗೆದ. ಆಮೇಲೆ ಎತ್ತುಗಳ ಹಗ್ಗ ಬಿಚ್ಚಿ, ಬೆನ್ನ ಮೇಲೆ ಬಾರಿಸಿ ಊರಾಚೆ ಅಟ್ಟಿಬಂದ. ಮನೆಯಲ್ಲಿ ಕಟ್ಟಿದ ದನವೂ ಇರಬಾರದು, ಬಿಚ್ಚಿದ್ದು ಮತ್ತೆ ಅಂಗಳಕ್ಕೆ ಬರಲೂಬಾರದು. ನಮ್ಮ ಮನೆತನದವರು ಏನು ಮಾಡಿದರೂ ಅರ್ಧಮರ್ಧ ಮಾಡುತ್ತಿರಲಿಲ್ಲ. ಹಗ್ಗದ ಮಂಚ, ನಮ್ಮ ಹೊರಸು, ಅದರ ನುಲಿಗೂ ಅಪ್ಪ ಕೈ ಹಾಕಿದ್ದ. ಅಷ್ಟರಲ್ಲಿ ಸೂಲಗಿತ್ತಿ ಹೊರಗೆ ಬಂದಳು.

ಊರಿನ ಅರ್ಧ ಮಂದಿಯನ್ನು ಹೊಕ್ಕಳು ಕೊಯ್ದು ಭೂಮಿಗೆ ತಂದ ಮುದುಕಿ ಅವಳು. ಗಂಡಸರ ಮುಖ ನೋಡಿ ಮಾತಾಡಿದವಳಲ್ಲ. ಅವತ್ತು ನೇರ ನನ್ನ ಮುಂದೆಯೇ ಬಂದು ನಿಂತಳು.

"ಕೂಸಿನ ಕೈ ಮುಂದ ಬಂದೈತಿ ತಮ್ಮಾ. ಅಡ್ಡ ಮಲಗೈತಿ. ನನ್ನ ಕೈಲೆ ಆಗಂಗಿಲ್ಲ. ಲಿಂಗಸೂರು ದವಾಖಾನಿಗೆ ಒಯ್ಯಿರಿ. ಹೊತ್ತು ಮುಳುಗೂದ್ರಾಗ ಮುಟ್ಟಿಸದಿದ್ರ ಆಕಿ ಉಳಿಯಂಗಿಲ್ಲ."

ಲಿಂಗಸುಗೂರು ಮೂರು ಹರದಾರಿ, ಒಂಬತ್ತು ಮೈಲಿ. ನಾನು ಬಂಡಿಯ ಕಡೆ ನೋಡಿದೆ. ಹಗ್ಗಗಳು ಅಂಗಳದಲ್ಲಿ ಚೆಲ್ಲಾಪಿಲ್ಲಿ ಬಿದ್ದಿದ್ದವು. ಗೂಟದ ಬಳಿ ಎತ್ತುಗಳಿರಲಿಲ್ಲ. ಊರಿನ ಉಳಿದ ಬಂಡಿಗಳೆಲ್ಲ ಹತ್ತಿ ಹೇರಿಕೊಂಡು ಬೆಳಕು ಹರಿಯುವ ಮುಂಚೆಯೇ ಸಿಂಧನೂರಿನ ದಾರಿ ಹಿಡಿದಿದ್ದವು. ಹೆಂಡತಿಗೆ ಒಳ್ಳೆಯದಾಗಲೆಂದು ನಾವು ಮಾಡಿದ ಏಕೈಕ ಕೆಲಸವೇ ಅವಳ ದಾರಿ ಕಟ್ಟಿತ್ತು.

"ಎತ್ತು ಹುಡುಕ್ಕೊಂಡು ಬಾ ಹೋಗಲೇ," ಎಂದ ಅಪ್ಪ.

ಓಡಿದೆ. ಹಳ್ಳದ ದಂಡೆ, ಗುಡ್ಡದ ಬುಡ, ಜಾಲಿ ಗಿಡಗಳ ಸಂದು, ಎಲ್ಲಿಯೂ ಕಾಣಲಿಲ್ಲ. ಅಪ್ಪ ಅಷ್ಟು ಚೆನ್ನಾಗಿ ಅಟ್ಟಿದ್ದ. ಒಂದು ತಾಸು ಹೀಗೇ ಹೋಯಿತು. ಬರಿಗೈಲಿ ವಾಪಸು ಬಂದಾಗ ಒಳಗಿನ ನರಳಾಟ ನಿಂತಿತ್ತು. ಕಿರುಚಾಟಕ್ಕೆ ಕಿವಿ ಮುಚ್ಚಿಕೊಳ್ಳುವುದನ್ನು ಕಲಿತಿದ್ದ ನನಗೆ ಆ ಮೌನ ತಡೆಯಲಾಗಲಿಲ್ಲ. ಯಾರನ್ನೂ ಕೇಳದೆ ಹೊಸ್ತಿಲು ದಾಟಿ ಒಳಗೆ ನುಗ್ಗಿದೆ. ಅವ್ವ ಬೈದಳು. ಹೆಂಡತಿಯ ಮುಖ ಬೂದಿಯಂತಾಗಿತ್ತು, ಕಣ್ಣು ಮಾತ್ರ ತೆರೆದಿತ್ತು.

"ಹೊರಸಿನ ಮ್ಯಾಲೆ ಹೊತ್ಕೊಂಡು ಹೋಗೂಣು," ಎಂದೆ.

"ಜೀವ ಇದ್ದಾಕಿನ್ನ ನಾಕು ಮಂದಿ ಹೆಗಲ ಮ್ಯಾಲೆ ಒಯ್ತೀಯೇನಲೇ?" ಎಂದ ಅಪ್ಪ ಹೊರಗಿನಿಂದ. "ಮಂದಿ ಏನಂತಾರ? ಪುರುಡಿನ ಮೈಲಿಗಿ ಬ್ಯಾರೆ. ಯಾರು ಹೆಗಲು ಕೊಡ್ತಾರ?"

ನಿಜವೇ. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ದಾಯಾದಿಗಳೂ ಮೆಲ್ಲಗೆ ಎದ್ದು ಮನೆಯ ದಾರಿ ಹಿಡಿದಿದ್ದರು. ಹೆಗಲು ಕೊಟ್ಟವರು ಪಕ್ಕದ ಮನೆಯ ಪಿಂಜಾರ ಅಣ್ಣತಮ್ಮಂದಿರು. ಹತ್ತಿ ಹಿಂಜಿ ಗಾದಿ ತುಂಬಿಕೊಡುವ ಮಂದಿ. ಅಣ್ಣ ತಲೆಗೆ ಅರಿವೆ ಸುತ್ತಿಕೊಳ್ಳುತ್ತ ಬಂದ. "ನಿಮ್ಮ ಮೈಲಿಗಿ ನಮಗೇನು ಮಾಡ್ತದ ಕಾಕಾ, ಹಿಡೀರಿ," ಎಂದ. ಅವರಿಬ್ಬರು, ನಾನೊಬ್ಬ, ಮೂವರಾದೆವು. ಹೊರಸಿಗೆ ನಾಲ್ಕು ಕಾಲು. ನಾನು ಅಪ್ಪನ ಮುಖ ನೋಡಿದೆ. ಬೇಡಿಕೊಳ್ಳಲಿಲ್ಲ, ಸಿಟ್ಟಿನಿಂದಲೇ ನೋಡಿದೆ. ಅಪ್ಪ ಬಾಯಲ್ಲಿದ್ದ ಎಲೆ ಉಗುಳಿ, ಬಂದು ಹಿಂದಿನ ಕಾಲಿಗೆ ಹೆಗಲು ಹಚ್ಚಿದ.

ಅವ್ವ ನೀರಿನ ತಂಬಿಗೆ ಹಿಡಿದು ಮಗ್ಗುಲಲ್ಲೇ ಓಡೋಡಿ ಬರುತ್ತಿದ್ದಳು. ಎರೆಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿ ಎಡವಿದಾಗಲೆಲ್ಲ ಅವಳಿಗೆ ಹೊದಿಸಿದ್ದ ಕೌದಿಯೊಳಗಿಂದ ಒಂದು ಸಣ್ಣ ದನಿ ಬರುತ್ತಿತ್ತು. ಆ ದನಿ ಕೇಳಿದರೆ ನನಗೆ ಸಮಾಧಾನ. ಕೇಳದಿದ್ದರೆ ಬೇಕೆಂದೇ ಹೆಗಲು ಅಲುಗಿಸುತ್ತಿದ್ದೆ. ಇಂಥ ಕೆಟ್ಟ ಕೆಲಸವನ್ನು ನಾನು ಯಾವತ್ತೂ ಮಾಡಿಲ್ಲ, ಆದರೆ ಅವತ್ತು ಹತ್ತು ಸಲ ಮಾಡಿದೆ.

ಎದುರಿಗೆ ಬಂದವರು ನಮ್ಮನ್ನು ಕಂಡು ಬದಿಗೆ ಸರಿದು ನಿಲ್ಲುತ್ತಿದ್ದರು. ಒಬ್ಬ ಮುದುಕ ರುಮಾಲು ತೆಗೆದು ಕೈ ಮುಗಿದ. ಕೌದಿ ಅಲುಗಿತು. "ನಾ ಇನ್ನಾ ಇದ್ದೀನಿ ಅಂತ ಹೇಳ್ರೀ ಅವರಿಗೆ," ಎಂದಳು ಅವಳು. ಪಿಂಜಾರ ತಮ್ಮ ನಗಲು ಹೋಗಿ ಅತ್ತುಬಿಟ್ಟ.

ಹೊತ್ತು ಇಳಿಯುವ ಸಮಯಕ್ಕೆ ದವಾಖಾನೆ ಮುಟ್ಟಿದೆವು. ಡಾಕ್ಟರ್ ಸಾಹೇಬರು ವಯಸ್ಸಾದವರು, ಮಾತೆಲ್ಲ ಉರ್ದು. ಉರ್ದು ಶಾಲೆಯಲ್ಲಿ ನಾಲ್ಕು ಜಮಾತು ಕಲಿತಿದ್ದರಿಂದ ನನಗೆ ತಿಳಿಯುತ್ತಿತ್ತು. ಗಂಡಸು ಮುಟ್ಟುತ್ತಾನೆಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ತೋಳು ಹಿಡಿದು ಸರಿಸಿದೆ. ಹೆತ್ತ ತಾಯಿಯನ್ನು ಹಾಗೆ ಸರಿಸಿದ್ದು ಅದೊಂದೇ ಸಲ.

ಸಾಹೇಬರು ಕೈ ತೊಳೆಯುತ್ತ ಕೇಳಿದರು, ಎಷ್ಟು ತಿಂಗಳು?

ನಮ್ಮ ಆಕಳು ಗಬ್ಬಾದ ದಿನ, ಈಯುವ ದಿನ ನನಗೆ ಬೆರಳ ತುದಿಯಲ್ಲಿದ್ದವು. ಹೆಂಡತಿಗೆ ಎಷ್ಟು ತಿಂಗಳೆಂದು ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೂ ಹೆಂಗಸರ ಮಾತೆಂದು ಬಿಟ್ಟಿದ್ದೆ.

ಎಷ್ಟನೆಯ ಹೆರಿಗೆ? ಎಂದರು.

"ಮೊದಲನೇದು," ಎಂದೆ.

ಮೇಜಿನ ಮೇಲಿಂದ ಹೆಂಡತಿ ಮುಖ ತಿರುಗಿಸಿದಳು. ಉರ್ದು ಅವಳಿಗೆ ಬರುತ್ತಿರಲಿಲ್ಲ, ನನ್ನ ಕನ್ನಡದ ಉತ್ತರ ಸಾಕಾಗಿತ್ತು. "ಎರಡನೇದು," ಎಂದಳು. "ಅದಕ್ಕೂ ಹಿಂಗ ಕೈ ಮುಂದ ಬಂದಿತ್ತು."

ನಾನು ಬೇಕೆಂದು ಸುಳ್ಳು ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ತವರಿನಿಂದ ಅವಳ ಅಣ್ಣ ಬಂದು ಕೂಸು ಉಳೀಲಿಲ್ಲ ಎಂದು ಹೇಳಿ, ಉಂಡು ಹೋಗಿದ್ದ. ಹೇಗಾಯಿತು ಎಂದು ನಾನು ಅವನನ್ನೂ ಕೇಳಲಿಲ್ಲ, ಅವಳು ತಿರುಗಿ ಬಂದ ಮೇಲೆ ಅವಳನ್ನೂ ಕೇಳಲಿಲ್ಲ. ಉಳಿಯದ ಕೂಸನ್ನು ನಮ್ಮಲ್ಲಿ ಎಣಿಸುತ್ತಿರಲಿಲ್ಲ. ಕೇಳಿದ್ದರೆ ಎಂಟನೆಯ ತಿಂಗಳಿಗೇ ಬಂಡಿ ಕಟ್ಟಬಹುದಿತ್ತು. ಅವಳು ಎರಡು ವರ್ಷ ಆ ಸಂಗತಿಯನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ನಮಗೆ ರೊಟ್ಟಿ ಬಡಿದು ಹಾಕಿದ್ದಳು. ಸಾಹೇಬರು ನನ್ನನ್ನು ಒಂದು ಕ್ಷಣ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ.

ಒಳಗೆ ಆಯಾ ಒಬ್ಬಳೇ ಇದ್ದಳು. ಭುಜ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು, ನೀನೇ ಹಿಡಿ ಎಂದರು ಸಾಹೇಬರು. ಹೆಂಡತಿ ಸೆರಗು ಎಳೆದುಕೊಳ್ಳಲು ನೋಡಿದಳು. "ನೀವು ಹೊರಗ ಹೋಗ್ರೀ," ಎಂದಳು. ನಾನು ಹೋಗಲಿಲ್ಲ. ಆಮೇಲೆ ಅವಳೇ ನನ್ನ ಮುಂಗೈ ಹಿಡಿದಳು. ಆ ಹಿಡಿತದಲ್ಲಿ ನನ್ನ ಬೆರಳುಗಳು ಜೋಮು ಹಿಡಿದವು. ಸಾಹೇಬರ ಹಣೆಯಿಂದ ಬೆವರು ಇಳಿಯುತ್ತಿತ್ತು. ಎಷ್ಟು ಹೊತ್ತು ನಡೆಯಿತೋ ತಿಳಿಯದು. ನನಗೆ ಮೂರು ಸಲ ಕಣ್ಣು ಕತ್ತಲೆ ಬಂತು. ನಾನು ಬಿದ್ದರೆ ಅವಳೂ ಕೈ ಬಿಡುತ್ತಾಳೆ ಎಂದೇ ನಿಂತಿದ್ದೆ.

ಕೂಸು ಬಂತು. ಅಳಲಿಲ್ಲ. ಆಯಾ ಕಾಲು ಹಿಡಿದು ಬೆನ್ನು ತಟ್ಟಿದಳು, ನೀರು ಚಿಮುಕಿಸಿದಳು, ಆಮೇಲೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ತಲೆತುಂಬ ಕೂದಲಿತ್ತು, ಉಸಿರಿರಲಿಲ್ಲ. ಸಾಹೇಬರು ಇನ್ನೂ ನನ್ನ ಹೆಂಡತಿಯ ಹತ್ತಿರವೇ ಇದ್ದರು. ಬಹಳ ಹೊತ್ತಿನ ಮೇಲೆ ನಾಡಿ ಹಿಡಿದು ನೋಡಿ, ರಕ್ತ ನಿಂತಿದೆ, ಇವಳು ಬದುಕುತ್ತಾಳೆ ಎಂದರು. ಆಗ ನಾನು ಗೋಡೆಗೆ ಒರಗಿ ಅತ್ತೆ. ಆ ವಯಸ್ಸಿನವರೆಗೆ ಗಂಡಸೊಬ್ಬ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಅಪ್ಪ ಕೂತಿದ್ದ. ಹೆಗಲ ಚರ್ಮ ಸುಲಿದು ಅಂಗಿಗೆ ಅಂಟಿಕೊಂಡಿತ್ತು. ನನ್ನ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನೋಡಿ ಎದ್ದು ನಿಂತ.

"ಗಂಡೋ ಹೆಣ್ಣೋ?" ಎಂದ.

ಅಪ್ಪನಿಗೆ ಎದುರು ಮಾತಾಡಿದವನಲ್ಲ ನಾನು. ಅವತ್ತು ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸಿತು.

"ಯಪ್ಪಾ, ಆಕಿ ಹೆಂಗದಾಳ ಅಂತ ಕೇಳು."

ಅಪ್ಪ ನನ್ನನ್ನು ನೋಡಿದ. ಕೂಸನ್ನು ನೋಡಿದ. ಹಲ್ಲು ಕಚ್ಚಿದ್ದು ದವಡೆಯಲ್ಲಿ ಕಂಡಿತು. ಹೊಡೆಯುತ್ತಾನೆಂದೇ ಅಂದುಕೊಂಡೆ, ಹಿಂದೆ ಸರಿಯಲಿಲ್ಲ. ಅವನು ಮತ್ತೆ ಕೆಳಗೆ ಕೂತು, ಎರಡೂ ಕೈಗಳಿಂದ ಮುಖ ಒರೆಸಿಕೊಂಡ. ಸೊಸೆಯ ಬಗ್ಗೆ ಅವನು ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

"ಹೆಂಗದಾಳ?" ಎಂದ.