ನಾನು ಉಗಿದ ನರ್ಸಮ್ಮ

ನಮ್ಮ ನರ್ಸಮ್ಮನ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಲಸಿಕೆಯ ನೀಲಿ ಡಬ್ಬಿ ಹೊತ್ತು ಹೊತ್ತು ಹಂಗಾಗಿತ್ತು. ನನ್ನಿವಾಳ ಊರಿನಾಚೆ ನಮ್ಮ ಹಟ್ಟಿಗೆ ಬಸ್ಸಿಲ್ಲ, ನಡೆದೇ ಬರೋರು. ಬಂದೋರು ಮೊದಲು ನೀರು ಕೇಳುತ್ತಿರಲಿಲ್ಲ. "ಮನೇಲಿ ಬಸುರೀರು ಯಾರಿದಾರೆ?" ಅನ್ನೋರು.

ಕೊರೊನಾ ಕಾಲ. ಬಸುರಿ ಸೊಸೆ ತಾನಾಗೇ ಸೂಜಿ ಹಾಕಿಸಿಕೊಳ್ಳೋಕೆ ಹೋದರೆ, "ಬಸುರೀರಿಗೆ ಆರ್ಡರ್ ಇಲ್ಲ" ಅಂತ ಈ ನರ್ಸಮ್ಮನೇ ವಾಪಸ್ ಕಳಿಸಿದ್ದರು. ಎರಡು ತಿಂಗಳೂ ಆಗಿರಲಿಲ್ಲ, ಅದೇ ಆಯಮ್ಮ ಬಾಗಿಲಿಗೆ ಬಂದು, "ಈಗ ಹಾಕಿಸ್ಕೋಬೇಕು" ಅಂದರು. ನನಗೆ ಹೇಸಿಗೆಯಾಯ್ತು. ಎದುರಿಗೇ ನೆಲಕ್ಕೆ ಉಗಿದೆ.

"ಎಷ್ಟು ನಾಲಿಗೆ ಐತಮ್ಮ ನಿಂಗೆ?"

"ನಾಲಿಗೆ ಒಂದೇ ತಾತ, ಆರ್ಡರ್ ಎರಡು. ಆಗ ಬಸುರೀರಿಗೆ ಏನಾಗ್ತೈತೋ ಗೊತ್ತಿರಲಿಲ್ಲ, ಬೇಡ ಅಂದ್ರು. ಈಗ ಸೂಜಿಗಿಂತ ಆ ಜ್ವರಾನೇ ಅಪಾಯ ಅಂತ ಕಂಡೈತೆ."

"ಮೇಲಿನೋರು ಬಂದು ಹೇಳಲಿ."

"ಅವರ್ಯಾಕೆ ಬರ್ತಾರೆ? ಬೈಸ್ಕೊಳ್ಳೋಕೆ ನಾನಿದೀನಲ್ಲ."

ಸೊಸೆ ಬಾಗಿಲ ಮರೆಯಿಂದ ನನ್ನ ಮುಖ ನೋಡುತ್ತಿದ್ದಳು. ನಾನು ಹ್ಞೂಂ ಅನ್ನಲಿಲ್ಲ. ಕುರಿ ಕಾದವನ ಬುದ್ಧಿ ನಂದು. ಹಿಂದಿನ ವರ್ಷ ಗಬ್ಬದ ಕುರಿಗೆ ಸೂಜಿ ಹಾಕಿಸಿದ ಸಂಜೆಗೇ ಅದು ಕಂದು ಹಾಕಿತ್ತು, ಮರಿ ಸತ್ತೇ ಬಿದ್ದಿತ್ತು. ಅದನ್ನೇ ಹೇಳಿದೆ.

ನರ್ಸಮ್ಮ ನಗಲಿಲ್ಲ. "ಆ ಕುರೀನ ಹೆಂಗೆ ಹಿಡ್ಕೊಂಡಿದ್ರಿ?"

"ಕೆಡವಿ, ಹೊಟ್ಟೆ ಮೇಲೆ ಮೊಣಕಾಲೂರಿ."

"ನಿಮ್ಮ ಸೊಸೇನ ನಾನು ಕೆಡವಲ್ಲ ತಾತ. ಈ ಕಟ್ಟೆ ಮೇಲೆ ಕೂರಿಸ್ತೀನಿ."

ಸೊಸೆ ಕಿಸಕ್ಕನೆ ನಕ್ಕಳು. "ಮಾವ, ನಾನು ಹಾಕಿಸ್ಕೊಳ್ತೀನಿ" ಅಂದವಳೇ ಬಂದು ಕೂತು ತೋಳು ಕೊಟ್ಟಳು.

ಎರಡು ದಿನ ತೋಳು ನೋವು, ಅಷ್ಟೇ. ಆಮೇಲೆ ಹುಟ್ಟಿದಳು ನೋಡಿ ನನ್ನ ಮೊಮ್ಮಗಳು! ಕೆನ್ನೆ ಅಂದ್ರೆ ಕೆನ್ನೆ! ಎಳೆದೂ ಎಳೆದೂ ನನ್ನ ಮೀಸೆ ಅರ್ಧ ಮಾಡಿದಾಳೆ, ಮಾಡಲಿ.

ಆದರೂ ಆ ದಿನ ಮರೆತಿಲ್ಲ. ಮೇಲಿನೋರು ದಿನಕ್ಕೊಂದು ಆರ್ಡರ್ ಮಾಡಿ, ಯಾಕೆ ಅಂತ ಒಂದು ಮಾತೂ ಹೇಳದೆ, ಒಬ್ಬ ಹೆಣ್ಣುಮಗಳನ್ನು ಬೈಗುಳಕ್ಕೆ ಒಡ್ಡಿದರಲ್ಲ, ಥೂ. ಸೂಜಿ ಬಗ್ಗೆ ಫೋನಲ್ಲಿ ಬಂದ ಸುಳ್ಳನ್ನೆಲ್ಲ ಬಾಯಿಂದ ಬಾಯಿಗೆ ಹಂಚಿದ ನಾವೇನು ಕಮ್ಮಿ? ಎಲ್ಲಕ್ಕಿಂತ ಹೇಸಿಗೆ, ಉಗಿದ ನನ್ನ ಬಾಯಿ ಮೇಲೆ.

ಮೊಳಕಾಲ್ಮುರು ಕಡೆಗೆ ಆಯಮ್ಮನಿಗೆ ವರ್ಗವಾದ ದಿನ, ಮಗು ಎತ್ತಿಕೊಂಡು ಸೊಸೆ ಜೊತೆ ಚಳ್ಳಕೆರೆ ಬಸ್‌ಸ್ಟ್ಯಾಂಡಿಗೆ ಹೋದೆ. ತಪ್ಪಾಯ್ತಮ್ಮ ಅನ್ನೋಕೆ ಬಾಯಿ ತೆರೆದೆ.

"ಒಂಬತ್ತು ತಿಂಗಳು ತುಂಬೈತಲ್ಲ ತಾತ, ದಡಾರದ್ದು ಹಾಕಿಸಿದ್ರಾ?"

ಇಲ್ಲ ಅಂದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬೈದರು. ಒಳಗೆ ಕೂತು ಕಿಟಕಿಯಿಂದಲೂ ಬೈದರು.

ಬಸ್ ಹೋದ ಮೇಲೆ ನಾವು ಹಟ್ಟಿ ದಾರಿ ಹಿಡೀಲಿಲ್ಲ. ನೆಟ್ಟಗೆ ಆಸ್ಪತ್ರೆಗೆ ನಡೆದೆವು.