ಉಸ್ತಾದರ ಹೆಬ್ಬೆರಳು

ಹೋದ ವಾರ ನಮ್ಮ ಮನೆಯ ಕುಕ್ಕರು ಸೀಟಿ ಹಾಕುವುದನ್ನು ಬಿಟ್ಟು ಸುತ್ತಲೂ ಬುಸುಗುಡತೊಡಗಿತು. ಹೆಂಡತಿ ಅದರ ರಬ್ಬರ್ ಗ್ಯಾಸ್ಕೆಟ್ ಕಿತ್ತು ಕೈಗೆ ಕೊಟ್ಟು, ಇಂಥದ್ದೇ ತರಬೇಕು, ದಾರಿಯಲ್ಲಿ ಹರಟೆಗೆ ನಿಲ್ಲಬಾರದು ಎಂದು ಕಳಿಸಿದಳು. ನಿವೃತ್ತ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಜವಾಬ್ದಾರಿಯನ್ನು ಯಾರು ಕೊಡುತ್ತಾರೆ ಹೇಳಿ. ಜೇವರ್ಗಿಯ ಪಾತ್ರೆ ಅಂಗಡಿಯವನು, "ದಪ್ಪಂದು ಕೊಡ್ಲಿರಿ, ತೆಳ್ಳಂದು ಕೊಡ್ಲಿರಿ ಸರ?" ಎಂದ. ಅಷ್ಟೇ ನೋಡಿ, ಹಳೆಯ ಗ್ಯಾಸ್ಕೆಟ್ಟನ್ನು ಅವನ ಮುಂದಿಟ್ಟು, ನೀನೇ ನೋಡಿ ಕೊಡಪ್ಪ ಎಂದೆ. ಸುಮಾರು ನಲವತ್ತೈದು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದರು. ಆಗ ಮಾತ್ರ ತಟ್ಟನೆ ಉತ್ತರ ಕೊಟ್ಟಿದ್ದೆ.

ಕೇಳಿದವರು ಖಾಜಾ ಉಸ್ತಾದರು. ಅಫಜಲಪುರದಲ್ಲಿ ಲಾರಿ ಇಂಜಿನ್ ಬಿಚ್ಚಿ ಕಟ್ಟುವುದು ಅವರ ಕಸುಬು. ಗ್ಯಾರೇಜು ಎಂದರೆ ಒಂದು ಬೇವಿನ ಮರ, ಅದರ ಕೆಳಗೆ ನಾಲ್ಕು ತಗಡು. ಆದರೂ ಗೊಬ್ಬೂರಿನಿಂದ ಸೊನ್ನದ ತನಕ ಯಾರ ಲಾರಿ ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಮೀಟರು ಗೀಟರು ಅವರ ಬಳಿ ಇರಲಿಲ್ಲ. ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದು, ಗಾಡಿಯ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ತಿರುವಲು ಹೇಳುವರು. ಒಳಗಿನ ಗಾಳಿ ಬೆರಳನ್ನು ಎಷ್ಟು ಜೋರಾಗಿ ನೂಕಿತು ಎಂಬುದರ ಮೇಲೆಯೇ, "ಮೂರನೇ ಸಿಲಿಂಡರ್ ಸೋತದ, ರಿಂಗ್ ಹೋಗ್ಯಾವ" ಎಂದುಬಿಡುವರು. ಬಿಚ್ಚಿ ನೋಡಿದರೆ ಹೌದೇ ಹೌದು.

ನನ್ನ ಅಣ್ಣ ಗುರುಶಾಂತನ ಬಳಿ ಒಂದು ಮುದಿ ಪೆಟ್ರೋಲ್ ಲಾರಿ ಇತ್ತು. ಎಪ್ಪತ್ತರ ದಶಕದ ಕೊನೆಯ ಮಾತಿದು. ಊರೆಲ್ಲ ಡೀಸೆಲ್ ಗಾಡಿಗೆ ಹೋದರೂ ಇವನಿಗೆ ಅದರ ಮೇಲೆ ಜೀವ. ಹೊಳೆಯ ಉಸುಕು ಹೇರಿಕೊಂಡು ಸೊನ್ನದ ದಂಡೆ ಏರುವಾಗ ಅದು ನಡುದಾರಿಯಲ್ಲೇ ಸೋತು ನಿಲ್ಲುತ್ತಿತ್ತು. ಕೊನೆಗೆ ಇಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸುವುದೆಂದಾಯಿತು. ನಾನು ಆಗ ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಬೇಸಿಗೆ ರಜೆಗೆ ಬಂದಿದ್ದೆ. ಇಂಜಿನ್ನುಗಳ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಓದಿ ಮುಗಿಸಿದ್ದೆ. ನಟ್ಟು ಬಿಚ್ಚುವ ಪಾನಾ ಮಾತ್ರ ಜನ್ಮದಲ್ಲಿ ಹಿಡಿದವನಲ್ಲ. ಇಂಥವನು ಗ್ಯಾರೇಜಿನ ಹತ್ತಿರ ಸುಳಿಯಲೇಬಾರದು.

ಸಾಮಾನು ಆರಿಸುವ ದಿನ ಮೂವರೂ ಬೇವಿನ ನೆರಳಲ್ಲಿ ಕೂತೆವು. ಸಿಲಿಂಡರ್ ಕೊರೆಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕುವುದು, ರಿಂಗು, ವಾಲ್ವು ಹೊಸವು, ಇದಕ್ಕೆಲ್ಲ ತಕರಾರಿರಲಿಲ್ಲ. ಕೊನೆಗೆ ಉಸ್ತಾದರು ಓದಿದವನೆಂಬ ಮರ್ಯಾದೆಗೆ ನನ್ನನ್ನು ಕೇಳಿದರು. "ಹೆಡ್ಡಿನ ಗ್ಯಾಸ್ಕೆಟ್ ದಪ್ಪಂದ ಹಾಕಲ್ಯಾ, ತೆಳ್ಳಂದ ಹಾಕಲ್ಯಾ ಮಾಸ್ತರ?"

ಮಾಸ್ತರನ ಕಿಸೆಯಲ್ಲಿ ರಜೆಯಲ್ಲೂ ಸೀಮೆಸುಣ್ಣ ಇರುತ್ತದೆ. ತಗಡಿನ ಮೇಲೆ ಸಿಲಿಂಡರ್ ಬರೆದು ಪಾಠ ಶುರು ಮಾಡಿದೆ. ಆ ಇಂಜಿನ್ ಆರು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತುವಂಥದ್ದು. ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ತಳವನ್ನು ಒಂದಿಷ್ಟು ಸವೆಸಿ, ತೆಳು ಗ್ಯಾಸ್ಕೆಟ್ ಹಾಕಿದರೆ ಒತ್ತಡ ಏಳೂವರೆಗೆ ಏರುತ್ತದೆ, ಗಾಡಿ ದಂಡೆಯನ್ನು ಓಡಿಕೊಂಡು ಹತ್ತುತ್ತದೆ ಎಂದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ.

"ಲೆಕ್ಕ ಬರಾಬರ್ ಅದರಿ," ಎಂದರು ಉಸ್ತಾದರು. "ಆದ್ರ ನಮಗ ಸಿಗೋ ಪೆಟ್ರೋಲ್ ಅಷ್ಟು ತಾಕತ್ತಿಂದಲ್ಲ. ಈ ಬಿಸಲಾಗ ಇಂಜಿನ್ ಕಾದ್ರ ಟೈಮಿಗಿಂತ ಮೊದಲ ಸಿಡೀತದ. ಈ ಗಾಡಿಗಿ ಸೆಲ್ಫ್ ಇಲ್ಲ, ಕೈಲೆ ತಿರುವಬೇಕು. ಹ್ಯಾಂಡಲ್ ಉಲ್ಟಾ ಹೊಡದ್ರ ಕೈ ಉಳಿಯಂಗಿಲ್ರಿ. ಆರಕ್ಕ ಇರ್ಲಿ ಬಿಡ್ರಿ."

"ನೀವು ಇನ್ನಾ ಹಳೇ ಕಾಲದಾಗ ಅದೀರಿ ಉಸ್ತಾದ," ಎಂದೆ ನಾನು. ಹೌದು, ಹಾಗೇ ಎಂದೆ. ಬರೆಯುವಾಗ ಈಗಲೂ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಅಣ್ಣ ಇಬ್ಬರ ಮುಖವನ್ನೂ ನೋಡಿದ. "ನಮ್ಮ ತಮ್ಮ ಓದ್ಯಾನ್ರಿ. ಅವ ಹೇಳ್ದಂಗ ಮಾಡಿಬಿಡ್ರಿ," ಎಂದ. ಉಸ್ತಾದರು ಕೈ ಒರೆಸಿಕೊಂಡು, "ಆಯ್ತ್ರಿ," ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಇಂಜಿನ್ ಕಟ್ಟಿ ಮುಗಿಸಿದ ದಿನ ಬೆಳಿಗ್ಗೆ ಒಂದೇ ಸುತ್ತಿಗೆ ಚಾಲೂ ಆಯಿತು. ನನ್ನ ಮೀಸೆಯನ್ನು ನೀವು ನೋಡಬೇಕಿತ್ತು! ಖಾಲಿ ಗಾಡಿಯಲ್ಲಿ ಚೌಡಾಪುರದ ತನಕ ಹೋಗಿ ನೋಡೋಣವೆಂದು ಹೊರಟೆವು. ಗಾಡಿ ಹೋಯಿತು ಅಂದರೆ ಹೋಯಿತು. ಅಲ್ಲಿ ಹೋಟೆಲಿನ ಮುಂದೆ ಚಹಕ್ಕೆ ನಿಲ್ಲಿಸಿದಾಗ ನಡುಮಧ್ಯಾಹ್ನ, ಇಂಜಿನ್ ಹೆಂಚಿನ ಹಾಗೆ ಕಾದಿತ್ತು. ಚಹ ಮುಗಿಯುತ್ತಲೇ ನಾನೇ ಚಾಲೂ ಮಾಡುತ್ತೇನೆಂದು ಹ್ಯಾಂಡಲ್ ತೆಗೆದುಕೊಂಡು ಮುಂದಕ್ಕೆ ಹೋದೆ. ಮಂದಿ ನೋಡಲಿ ಎಂಬ ಆಸೆ, ಮತ್ತೇನು.

ಉಸ್ತಾದರು ಚಹ ಅರ್ಧಕ್ಕೆ ಬಿಟ್ಟು ಓಡಿ ಬಂದು ಹ್ಯಾಂಡಲನ್ನು ನನ್ನ ಕೈಯಿಂದ ಕಸಿದುಕೊಂಡರು. "ಅತ್ತ ಸರೀರಿ ಮಾಸ್ತರ. ಬರಿಯೋ ಕೈ ಅದು."

ಅವರು ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದೆ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಲಿಲ್ಲ, ಉಳಿದ ಬೆರಳುಗಳ ಜೊತೆಗೇ ಇಟ್ಟಿದ್ದರು. ಹ್ಯಾಂಡಲ್ ಹಿಂದಕ್ಕೆ ಹೊಡೆದರೂ ಬೆರಳು ಸಿಕ್ಕದಿರಲೆಂದು ಆ ಭಾಗದ ಡ್ರೈವರುಗಳಿಗೆಲ್ಲ ಅವರೇ ಕಲಿಸಿದ ಹಿಡಿತ ಅದು. ಎರಡನೇ ಸುತ್ತಿಗೆ ಇಂಜಿನ್ ಒಳಗೆ ಢಬ್ ಎಂದಿತು. ಹ್ಯಾಂಡಲ್ ಗಿರ್ರನೆ ಹಿಂದಕ್ಕೆ ತಿರುಗಿ ಅವರ ಮುಂಗೈಗೆ ಬಡಿಯಿತು. ಉಸ್ತಾದರು ರಸ್ತೆಯಲ್ಲೇ ಕುಸಿದು ಕೂತರು.

ಹೋಟೆಲಿನ ಮಂದಿ ಸುತ್ತುಗಟ್ಟಿದರು. "ಏನಾತ್ರಿ ಉಸ್ತಾದ?"

ಅವರು ಒಮ್ಮೆ ನನ್ನ ಕಡೆ ನೋಡಿದರು. "ಏನಿಲ್ರಿ. ಕೈ ಜಾರ್ತು."

"ಉಸ್ತಾದಗ ವಯಸ್ಸಾತು ನೋಡ್ರಿ, ಹ್ಯಾಂಡಲ್ ಹಿಡಿಯಾಕೂ ಬರಲ್ದಂಗ ಆಗ್ಯದ," ಎಂದ ಒಬ್ಬ. ನಾನು ಮಾರು ದೂರದಲ್ಲಿದ್ದೆ. ಅವರ ಕೈ ಜಾರಿಲ್ಲ, ನಾನು ಹೆಡ್ ಸವೆಸಲು ಹೇಳಿದ್ದರಿಂದ ಹೀಗಾಯಿತು ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಬಗ್ಗಿ, ಬಿದ್ದ ಹ್ಯಾಂಡಲಿನ ಧೂಳು ಒರೆಸಿದೆ.

ಮುರಿದ ಎಲುಬು ಕೂಡಿತು, ಸೊಟ್ಟಗಾದರೂ. ಹೆಬ್ಬೆರಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲವಂತೆ. ಅಣ್ಣ ಬೇರೆಯವರಿಂದ ದಪ್ಪ ಗ್ಯಾಸ್ಕೆಟ್ ಹಾಕಿಸಿದ. ಗಾಡಿ ಆರೇಳು ವರ್ಷ ಸುಮ್ಮನೆ ದುಡಿಯಿತು. ಉಸ್ತಾದರ ಕೈ ಜಾರಿದ ಸುದ್ದಿ ಮಾತ್ರ ಹಳ್ಳಿ ಹಳ್ಳಿ ತಿರುಗಿ, ಬೇವಿನ ಮರದ ಕೆಳಗೆ ಗಾಡಿಗಳು ಬರುವುದು ನಿಂತಿತು. ಅವರು ಆಳಂದಕ್ಕೆ, ಮಗಳು ಮೆಹರುನ್ನೀಸಾಳ ಮನೆಗೆ ಹೋಗಿ, ಎಡಗೈಯಿಂದ ಸೀಮೆಎಣ್ಣೆ ಸ್ಟೋವು ರಿಪೇರಿ ಮಾಡಿಕೊಂಡು ಇದ್ದರು.

ತೊಂಬತ್ತರ ದಶಕದಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದೆ. "ಇವರು ಮಾಸ್ತರ, ಇಂಜಿನ್ ಕೆಲಸ ಭಾಳ ತಿಳಿದವರು," ಎಂದು ಅಳಿಯನಿಗೆ ಪರಿಚಯಿಸಿದರು. ನಾನು ಚಹದ ಕಪ್ಪನ್ನು ಕೆಳಗಿಟ್ಟು ಎದ್ದೆ. ಹೊರಡುವಾಗ ಬಾಗಿಲ ತನಕ ಬಂದು ಕೇಳಿದರು. "ಮಾಸ್ತರ, ಅವತ್ತ ನೀವ ಬಾಜೂಕ ಇದ್ರಿ. ನಾ ಹ್ಯಾಂಡಲ್ ಬರಾಬರ್ ಹಿಡಿದಿದ್ನಿಲ್ಲ?"

ಅವರು ನನ್ನನ್ನು ಚುಚ್ಚುತ್ತಿದ್ದಾರೆ ಎಂದುಕೊಂಡೆ. "ಬಿಡ್ರಿ ಉಸ್ತಾದ, ಹಳೇ ಮಾತು," ಎಂದು ಚಪ್ಪಲಿ ಮೆಟ್ಟಿದೆ. ಆಮೇಲೆ ಎರಡು ವರ್ಷಕ್ಕೆ ಅವರು ತೀರಿಕೊಂಡರು.

ಮೊನ್ನೆ ಮತ್ತೆ ಆಳಂದಕ್ಕೆ ಹೋದೆ. ಮೆಹರುನ್ನೀಸಾ ಈಗ ಮೊಮ್ಮಕ್ಕಳ ಅಜ್ಜಿ. ಎಲ್ಲವನ್ನೂ ಹೇಳಿದೆ, ಒಂದೂ ಬಿಡದೆ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವತ್ತ ಅಬ್ಬಾ ನಿಮಗ ಕೇಳಿದ್ರಲ್ಲ ಮಾಸ್ತರ," ಎಂದಳು ಮೆಲ್ಲಗೆ. "ಮಂದಿ ಅಂದದ್ದ ಕೇಳಿ ಕೇಳಿ ಅವರಿಗೇ ಅನುಮಾನ ಬಂದಿತ್ತು. ನೀವ ಬಿಡ್ರಿ ಅಂದು ಹೋದ್ರಿ. ನೀವ ಹೋದ ಮ್ಯಾಲ ಹೇಳಿದ್ರು, ನನ್ನ ಕೈನ ಜಾರಿರಬೇಕು ಬೇಟಿ, ನನಗ ಬ್ಯಾಸರ ಆಗಬಾರ್ದಂತ ಮಾಸ್ತರ ಹೇಳಲಿಲ್ಲ ಅಂತ. ಅದನ್ನೇ ಖರೇ ಅಂತ ತಿಳಕೊಂಡು ಹೋದ್ರು."

ನಾನು ಅವಳ ಮುಂದೆ ಕೂತು ಅತ್ತೆ. ಅವಳು ನೀರು ತಂದುಕೊಟ್ಟಳು, ಸಮಾಧಾನ ಹೇಳಲಿಲ್ಲ. ಹೇಳಬೇಕಾದವರಿಗೆ ಇನ್ನು ಹೇಳಲಾಗದು. ಚೌಡಾಪುರದ ಆ ಹೋಟೆಲೂ ಇಲ್ಲ, ಅಂದು ಅಲ್ಲಿ ನಿಂತವರಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ನಾನು ಪಕ್ಕದಲ್ಲೇ ಇದ್ದೆ. ಉಸ್ತಾದರು ಹ್ಯಾಂಡಲನ್ನು ಸರಿಯಾಗಿಯೇ ಹಿಡಿದಿದ್ದರು.